ದೀಪವಿಲ್ಲದ ಊರಿಗೆ ಚುಕ್ಕೆ ದಾರಿ

ನಮ್ಮ ಆಯಿ ಮದುವೆಯಾಗಿ ಮಳಖೇಡದಿಂದ ದಂಡೋತಿಗೆ ಬಂದದ್ದು ಬಂಡಿಯಲ್ಲಿ. ಕಾಗಿಣಾ ಹೊಳೆಯ ದಂಡೆ ಹಿಡಿದು, ಎರಡು ಕಡೆ ಹಳ್ಳ ದಾಟಿ, ಒಂದು ಹುಣಸೆ ತೋಪಿನಲ್ಲಿ ಎತ್ತು ಬಿಟ್ಟು, ಬುತ್ತಿ ಬಿಚ್ಚಿ ಉಂಡು, ಹೊತ್ತು ಮುಳುಗುವ ಮೊದಲು ಊರು ಸೇರಿದ್ದರಂತೆ. ಈ ಮಾತನ್ನು ಆಯಿ ನೂರು ಸಲವಾದರೂ ಹೇಳಿರಬೇಕು. ಆ ದಾರಿ ಯಾವುದು ಅಂತ ಅವಳಿದ್ದಾಗ ನಾನು ಒಂದು ಸಲವೂ ಕೇಳಲಿಲ್ಲ. ಕೇಳಬೇಕು ಅನ್ನಿಸುವ ಹೊತ್ತಿಗೆ ಅವಳಿರಲಿಲ್ಲ. ತೋಪು ಹೊಲದೊಳಗೆ ಸೇರಿಹೋಗಿತ್ತು, ದಾರಿ ನೇಗಿಲ ಕೆಳಗೆ ಹೋಗಿತ್ತು.

ಆ ದಾರಿ ನನಗೆ ಮತ್ತೆ ಸಿಕ್ಕಿದ್ದು ಹೈದರಾಬಾದಿನ ಅಬಿಡ್ಸ್‌ನಲ್ಲಿ. ಅಲ್ಲಿ ಭಾನುವಾರ ಅಂಗಡಿಗಳ ಬಾಗಿಲು ಹಾಕಿದ ಮೇಲೆ ಪಾದಚಾರಿ ದಾರಿಯ ಉದ್ದಕ್ಕೂ ಹಳೆ ಪುಸ್ತಕಗಳ ಸಂತೆ ಕೂಡುತ್ತದೆ. ಉರ್ದು ಕಾದಂಬರಿಗಳ ರಾಶಿಯ ಕೆಳಗೆ ಬಟ್ಟೆ ಹಚ್ಚಿ ಮಡಚಿದ ಒಂದು ಕಾಗದವಿತ್ತು. ಬಿಚ್ಚಿದರೆ ಮೇಲುತುದಿಯಲ್ಲಿ ‘56 ಜಿ/4’ ಎಂದಿತ್ತು, ಪಕ್ಕದಲ್ಲಿ ‘ಹೈದರಾಬಾದ್ ಸಂಸ್ಥಾನ’. ನಿಜಾಮರ ಕಾಲದ ಮೋಜಣಿಯ ಹಾಳೆ, ಒಂದು ಇಂಚಿಗೆ ಒಂದು ಮೈಲು. ನಾನು 34 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವನು. ಸ್ಥಳಾಕೃತಿ ನಕ್ಷೆ ಎಂಬ ಪಾಠವನ್ನು ಪ್ರತಿ ವರ್ಷ ಹೇಳಿದ್ದೇನೆ, ಆದರೆ ನನ್ನ ಊರಿನ ಹಾಳೆಯನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಮಳಖೇಡದಿಂದ ದಂಡೋತಿಯ ಕಡೆಗೆ ಚುಕ್ಕೆ ಚುಕ್ಕೆಯಾಗಿ ಒಂದು ಬಂಡಿದಾರಿ ಹೊರಟಿತ್ತು. ಎರಡು ಕಡೆ ಹಳ್ಳ ದಾಟುತ್ತಿತ್ತು. ಆ ಬೀದಿಯಲ್ಲೇ ಕುಳಿತು ಅದರ ಮೇಲೆ ಬೆರಳಾಡಿಸಿದೆ.

ಮೊದಲಿಗೆ ಈ ಸಂಖ್ಯೆಯ ಲೆಕ್ಕ ಹೇಳಿಬಿಡುತ್ತೇನೆ, ಯಾಕಂದರೆ ಇದು ತಿಳಿದರೆ ಯಾರ ಊರಿನ ಹಾಳೆಯನ್ನಾದರೂ ಹುಡುಕಬಹುದು. ಸರ್ವೆ ಆಫ್ ಇಂಡಿಯಾದವರು ದೇಶವನ್ನು ನಾಲ್ಕು ಡಿಗ್ರಿ ಉದ್ದ, ನಾಲ್ಕು ಡಿಗ್ರಿ ಅಗಲದ ಚೌಕಗಳಾಗಿ ಹಂಚಿ ಒಂದೊಂದಕ್ಕೆ ಸಂಖ್ಯೆ ಕೊಟ್ಟಿದ್ದಾರೆ. ನಮ್ಮ ಸೀಮೆ 56ನೆಯದರಲ್ಲಿದೆ. ಪ್ರತಿ ಚೌಕವನ್ನು 16 ಪಾಲು ಮಾಡಿ ಎ ಇಂದ ಪಿ ತನಕ ಅಕ್ಷರ ಕೊಟ್ಟರು. ಒಂದು ಅಕ್ಷರ ಎಂದರೆ ಒಂದು ಡಿಗ್ರಿ. ಅದನ್ನು ಮತ್ತೆ 16 ಪಾಲು ಮಾಡಿದರೆ ಸಿಗುವುದೇ 15 ಮಿನಿಟಿನ ಒಂದು ಹಾಳೆ. ನಮ್ಮ ಕಡೆ ಅದು ಸುಮಾರು 27 ಕಿಲೋಮೀಟರ್ ಉದ್ದಗಲದ ನೆಲ. ಪಾಲು ಎಣಿಸುವಾಗ ವಾಯವ್ಯ ಮೂಲೆಯಿಂದ ಶುರು ಮಾಡಿ ಮೇಲಿಂದ ಕೆಳಕ್ಕೆ ಬರಬೇಕು, ಆಮೇಲೆ ಪಕ್ಕದ ಸಾಲಿಗೆ ಹೋಗಬೇಕು.

ಈ ಲೆಕ್ಕದಲ್ಲಿ ವಾಡಿಗೂ ಚಿತ್ತಾಪುರಕ್ಕೂ ನಡುವೆ 77 ಡಿಗ್ರಿ ರೇಖಾಂಶ ಹಾದುಹೋಗುತ್ತದೆ. ಹಾಗಾಗಿ ವಾಡಿ, ಶಹಾಬಾದ್ ಒಂದು ಹಾಳೆಯಲ್ಲಿದ್ದರೆ ಚಿತ್ತಾಪುರ, ದಂಡೋತಿ, ಮಳಖೇಡ ಇನ್ನೊಂದರಲ್ಲಿ. ರೈಲಿನಲ್ಲಿ ಒಂದು ಕಪ್ಪು ಚಹಾ ಮುಗಿಯುವುದರೊಳಗೆ ದಾಟುವ ದೂರ ಅದು. ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಹಾಳೆಗಳನ್ನು ಅಂಟಿಸಿ ಹರಡಿದ ದಿನ ಕಾಗಿಣಾ ಒಂದರಿಂದ ಇನ್ನೊಂದಕ್ಕೆ ತಪ್ಪದೆ ಹರಿದು ಶಹಾಬಾದಿನ ಹತ್ತಿರ ಭೀಮೆಗೆ ಸೇರಿದ್ದು ನೋಡಿ, ಹಾಳೆ ಬರೆದವರ ಕೈಗೆ ಮನಸ್ಸಿನಲ್ಲೇ ಶರಣು ಎಂದೆ.

ಆ ಕೈಗಳ ಹಿಂದೆ ನೂರು ವರ್ಷದ ದುಡಿಮೆಯಿದೆ. 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ವಿಲಿಯಂ ಲ್ಯಾಂಬ್ಟನ್ ಎಂಬಾತ ಉಕ್ಕಿನ ಸರಪಳಿ ಹಿಡಿದು ನೆಲದ ಮೇಲೆ ಒಂದು ಗೆರೆ ಅಳೆದ. ಅದು ಆಧಾರರೇಖೆ. ಒಂದು ತ್ರಿಕೋನದ ಒಂದು ಬದಿಯ ಉದ್ದ ಗೊತ್ತಿದ್ದು ಎರಡು ಕೋನ ಅಳೆದರೆ ಉಳಿದೆರಡು ಬದಿ ಲೆಕ್ಕದಿಂದಲೇ ಸಿಗುತ್ತವೆ. ಆ ಬದಿಯ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಗುಡ್ಡದಿಂದ ಗುಡ್ಡಕ್ಕೆ, ಗುಡಿಯ ಗೋಪುರದಿಂದ ಕೋಟೆಯ ಬುರುಜಿಗೆ ಹೀಗೆ ಏರುತ್ತಾ 78 ಡಿಗ್ರಿ ರೇಖಾಂಶದ ಆಜುಬಾಜು ಉತ್ತರಕ್ಕೆ ನಡೆದರು. ನಡುನಡುವೆ ಲೆಕ್ಕ ಸರಿಯಿದೆಯೇ ಎಂದು ತಾಳೆ ನೋಡಲು ಮತ್ತೆ ನೆಲದ ಮೇಲೆ ಗೆರೆ ಅಳೆಯಬೇಕು. ಅಂಥದೊಂದು ಗೆರೆಯನ್ನು 1815ರಲ್ಲಿ ಅಳೆದದ್ದು ನಮಗೆ ನೆರೆಯ ಬೀದರ್ ಸೀಮೆಯಲ್ಲಿ, ದಾಮರಗಿದ್ದಾ ಎಂಬಲ್ಲಿ. ಲ್ಯಾಂಬ್ಟನ್ 1823ರಲ್ಲಿ ಹಿಂಗಣಘಾಟ್‌ನಲ್ಲಿ ತೀರಿಕೊಂಡ. ಕೆಲಸ ಜಾರ್ಜ್ ಎವರೆಸ್ಟ್ ಪಾಲಿಗೆ ಬಂತು. ಎವರೆಸ್ಟ್ ಶಿಖರದ ಹೆಸರು ಗೊತ್ತಿಲ್ಲದ ಮಗು ನಮ್ಮ ಶಾಲೆಗಳಲ್ಲಿಲ್ಲ. ಆ ಹೆಸರಿನ ಮನುಷ್ಯ ದುಡಿದ ತ್ರಿಕೋನಗಳ ಸಾಲು ನಮ್ಮ ಮಗ್ಗುಲಲ್ಲೇ ಹಾದುಹೋಗಿದೆ ಎಂದು ಹೇಳಿಕೊಟ್ಟವರು ಕಡಿಮೆ.

ಹಾಳೆಯಲ್ಲಿ ಕಂದು ಬಣ್ಣದ ಸಣ್ಣ ಗೆರೆಗಳಿರುತ್ತವೆ, ಸಮೋನ್ನತಿ ರೇಖೆಗಳು. ಮಕ್ಕಳಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ: ಬೇಸಿಗೆಯಲ್ಲಿ ಕೆರೆ ಬತ್ತುವಾಗ ದಂಡೆಯ ಮೇಲೆ ಒಂದರ ಕೆಳಗೊಂದು ನೀರಿನ ಗೆರೆ ಉಳಿಯುತ್ತದಲ್ಲ, ಅದನ್ನು ಆಕಾಶದಿಂದ ನೋಡಿದರೆ ಹೇಗೆ ಕಂಡೀತೋ ಹಾಗೆ. ಗೆರೆ ದೂರದೂರ ಇದ್ದರೆ ನೆಲ ಸಪಾಟು, ಒತ್ತೊತ್ತಾಗಿದ್ದರೆ ಏರು. ಚಿತ್ತಾಪುರ, ಸೇಡಂ ಕಡೆ ಅವು ಹೊಲದ ಬದುಗಳ ಹಾಗೆ ಅಲ್ಲೊಂದು ಇಲ್ಲೊಂದು. ಚಿಂಚೋಳಿಯ ಹಾಳೆಗೆ ಹೋದರೆ, ಕೊಂಚಾವರಂ ಕಾಡಿನ ಹತ್ತಿರ, ಬೆರಳಿನ ಮುದ್ರೆಯಂತೆ ಒತ್ತಿಕೊಂಡಿವೆ. ಅಲ್ಲಿಯ ಒಂದು ಹಳ್ಳದ ಮೇಲೆ ಈಗ ಚಂದ್ರಂಪಳ್ಳಿ ಜಲಾಶಯದ ನೀರು ನಿಂತಿದೆ. ಹಳೆ ಹಾಳೆಯಲ್ಲಿ ಆ ನೀರಿಲ್ಲ, ನೀರಿನ ಕೆಳಗಿನ ಕಣಿವೆಯಿದೆ.

ಹೆಸರುಗಳ ಮಾತು ಬೇರೆ. ಊರವರು ಕನ್ನಡದಲ್ಲಿ ಹೇಳಿದ್ದನ್ನು ಉರ್ದು ಬಲ್ಲವರು ಕೇಳಿಸಿಕೊಂಡರು, ಇಂಗ್ಲಿಷಿನಲ್ಲಿ ಬರೆದರು. ಸೇಡಂ ಹೋಗಿ ‘ಸೇರಂ’ ಆಯಿತು, ಕಾಗಿಣಾ ಹೋಗಿ ‘ಕಾಗ್ನಾ’. ತಾಂಡೂರಿನ ಕಡೆ ಹೊಳೆಯನ್ನು ಇವತ್ತಿಗೂ ಕಾಗ್ನಾ ಎಂದೇ ಕರೆಯುತ್ತಾರೆ. 1874ರ ಅಕ್ಟೋಬರಿನಲ್ಲಿ ಸಿಕಂದರಾಬಾದ್‌–ವಾಡಿ ರೈಲು ಓಡಲು ಶುರುವಾದಾಗ ನಿಲ್ದಾಣಗಳಿಗೆ ಇಟ್ಟ ಹೆಸರುಗಳನ್ನೂ ನಕ್ಷೆ ಹೊತ್ತುಕೊಂಡಿದೆ. ‘ಮಳಖೇಡ ರೋಡ್’ ಎಂಬ ನಿಲ್ದಾಣ ನೋಡಿ. ಊರು ಇಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಮಾತ್ರ ಇಲ್ಲಿದೆ ಎನ್ನುವುದು ಆ ‘ರೋಡ್’ ಪದದ ಅರ್ಥ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟಕ್ಕೆ ಹೋಗುವವನು ಅಲ್ಲಿಳಿದು ಬಂಡಿ ಹುಡುಕಬೇಕಿತ್ತು.

ಇನ್ನು ನಡೆದ ದಿನದ ಮಾತು. ಹಾಳೆಯಲ್ಲಿ ನಮ್ಮ ಸೀಮೆಯ ಅಂಚಿಗೆ ಒಂದು ಸಣ್ಣ ಊರಿನ ಗುರುತಿತ್ತು, ಪಕ್ಕದಲ್ಲಿ ಒಂದು ಬಾವಿ, ನಾಲ್ಕಾರು ಮರ. ಅಂಥ ಊರು ಈಗ ಇಲ್ಲ. ಅದರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹಾಳೂರು ಎಂದು ಗೊತ್ತಾದರೆ ಸಾಕು, ನಿಧಿಯ ಆಸೆಗೆ ರಾತ್ರಿ ಗುಡಿ ಅಗೆಯುವವರು ಬರುತ್ತಾರೆ. ನಮ್ಮ ಓಣಿಯ ಕಾಕಾ ಒಬ್ಬರನ್ನು ಕರೆದೆ. ಆಗ ಅವರಿಗೆ 84 ವರ್ಷ. ಕೈಯಲ್ಲಿ ಬಡಿಗೆ, ಹೆಗಲ ಮೇಲೆ ವಲ್ಲಿ. ನಕ್ಷೆ ಬಿಚ್ಚಿ ತೋರಿಸಿದರೆ ಅವರು ಅದರ ಕಡೆ ನೋಡಲೂ ಇಲ್ಲ.

“ಕಾಗದ ಮಡಚು ತಮ್ಮಾ, ಗಾಳಿಗಿ ಹರೀತದ. ನಾ ಹೋಗ್ತೀನಿ, ನೀ ಹಿಂದ ಬಾ.”

ತೊಗರಿ ಹೊಲದ ನಡುವೆ ನಡೆದೆವು. ನಾನು ಚುಕ್ಕೆ ದಾರಿ ಎಲ್ಲಿ ತಿರುಗುತ್ತದೋ ಎಂದು ಲೆಕ್ಕ ಹಾಕುತ್ತಿದ್ದೆ. ಕಾಕಾ ಆ ತಿರುವಿಗೆ ಸರಿಯಾಗಿ ತಿರುಗಿದರು. ಅಲ್ಲಿ ದಾರಿಯ ಕುರುಹೇನೂ ಇರಲಿಲ್ಲ. ಕೇಳಿದರೆ, ಎರಡು ಹೊಲಗಳ ನಡುವೆ ತುಸು ತಗ್ಗಾಗಿ ಹೋಗಿದ್ದ ಒಂದು ಪಟ್ಟಿಯನ್ನು ಬಡಿಗೆಯಿಂದ ತೋರಿಸಿದರು. ಬಂಡಿಯ ಗಾಲಿಗಳು ಎಷ್ಟೋ ವರ್ಷ ಒತ್ತಿದ ಎರೆಭೂಮಿ ಅಲ್ಲಿ ಒಂದು ಮೊಳ ಕೆಳಗಿತ್ತು. ಮಳೆ ಬಂದಾಗ ನೀರು ಈಗಲೂ ಅದೇ ದಾರಿಯಲ್ಲಿ ಹೋಗುತ್ತದಂತೆ.

ಊರಿದ್ದ ಜಾಗದಲ್ಲಿ ಬೂದಿಮಣ್ಣಿನ ದಿಬ್ಬ, ಬೋಕಿಗಳು, ಜಾಲಿ. ಬಾವಿ ಹಾಳೆಯಲ್ಲಿದ್ದಲ್ಲೇ ಇತ್ತು. ಪಾವಟಿಗೆಗಳು ಅರ್ಧಕ್ಕೆ ಮಣ್ಣು ತುಂಬಿ ನಿಂತಿದ್ದವು. ಹತ್ತಿರ ಒಂದು ಹನುಮಪ್ಪನ ಗುಡಿ, ಎಣ್ಣೆ ಇನ್ನೂ ಆರದ ಹಣತೆ.

“ಇದು ಬೇಚರಾಕ್ ಊರು,” ಎಂದರು ಕಾಕಾ. “ಎಳ್ಳ ಅಮಾಸಿಗಿ ಚರಗ ಚೆಲ್ಲಲಾಕ ಬಂದವ್ರು ಮೊದಲ ಹನುಮಪ್ಪಗ ದೀಪಾ ಹಚ್ತಾರ, ಆಮ್ಯಾಲ ಹೊಲಕ್ಕ ಹೋಗ್ತಾರ. ನಮ್ಮ ಮುತ್ಯಾನ ಕಾಲದಿಂದ ಹಿಂಗ ಅದ.”

ಬೇಚರಾಕ್ ಎನ್ನುವುದು ನಮ್ಮ ಕಡೆಯ ಕಂದಾಯ ದಫ್ತರಿನ ಮಾತು. ಮೂಲ ಬೇ-ಚಿರಾಗ್, ದೀಪ ಇಲ್ಲದ್ದು. ಜನ ಇಲ್ಲದ, ಆದರೆ ಸರ್ವೆ ನಂಬರುಗಳು ಇನ್ನೂ ಅದರ ಹೆಸರಲ್ಲೇ ಉಳಿದಿರುವ ಗ್ರಾಮ. ಊರು ಯಾಕೆ ಬಿಟ್ಟರು ಎಂದು ಕೇಳಿದರೆ ಕಾಕಾ ಬೇನೆ ಅಂದರು, ಪ್ಲೇಗೋ ಕಾಲರಾವೋ ಅವರಿಗೂ ಗೊತ್ತಿಲ್ಲ. ಊರು ಬಿಟ್ಟವರ ಅಡ್ಡಹೆಸರು ಮಾತ್ರ ಅವರಿಗೆ ಗೊತ್ತಿತ್ತು. ಆ ಮನೆತನಗಳು ಈಗ ನಮ್ಮ ಓಣಿಯಲ್ಲೇ ಇವೆ.

ಬೇಚರಾಕ್ ಎಂದರೆ ಸಣ್ಣ ಹಳ್ಳಿಯೇ ಆಗಬೇಕೆಂದಿಲ್ಲ. ಚಿತ್ತಾಪುರದ ಮಗ್ಗುಲಿನ ನಾಗಾವಿಗೆ ಹೋಗಿ ನೋಡಿ. ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನ ಅದು. 1058ರ ಶಾಸನ ಅಲ್ಲಿಯ ವಿದ್ಯಾರ್ಥಿಗಳ, ಗುರುಗಳ ಲೆಕ್ಕ ಕೊಡುತ್ತದೆ, ಪುಸ್ತಕ ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗಳನ್ನೂ ನೆನೆಯುತ್ತದೆ. ಇವತ್ತು ಅಲ್ಲಿ ಎಲ್ಲಮ್ಮನ ಗುಡಿಗೆ ಬರುವ ಭಕ್ತರು, ಬಿದ್ದ ಕಂಬಗಳು. ನಕ್ಷೆಯ ಮೇಲೆ ಬೆರಳಗಲದ ಜಾಗ.

ಒಂದು ಮಾತು ನೊಂದು ಹೇಳಬೇಕು. ನಕ್ಷೆಯಲ್ಲಿ ಪೊಲೀಸ್ ಠಾಣೆಯಿದೆ, ಅಂಚೆ ಕಚೇರಿಯಿದೆ, ಸಾಹೇಬರು ಇಳಿದುಕೊಳ್ಳುವ ಬಂಗಲೆಯಿದೆ. ಊರ ಹೊರಗಿನ ಕೇರಿ ಎಲ್ಲಿತ್ತು, ಅಲ್ಲಿಯ ಹೆಣ್ಣುಮಕ್ಕಳು ಯಾವ ಮಡುವಿನಿಂದ ನೀರು ತರುತ್ತಿದ್ದರು ಎಂಬುದಿಲ್ಲ. ಹಳ್ಳಗಳಿಗೆ ಹೆಸರಿಲ್ಲ, ಬರೀ ‘ನಾಲಾ’. ಕಾಕಾ ಅದೇ ಹಳ್ಳದ ಉದ್ದಕ್ಕೂ ಮೊಸಳಿ ಮಡು, ಅಗಸರ ಹಾಸುಗಲ್ಲು ಎಂದು ಹೇಳುತ್ತಾ ಹೋದರು. ನಾನು ಪೆನ್ಸಿಲಿನಿಂದ ಬರೆದುಕೊಂಡೆ. ಸಂಜೆಗೆ 23 ಹೆಸರಾದವು. ಅಳತೆಗೆ ಹಾಳೆಯನ್ನು ನಂಬಬಹುದು, ಹೆಸರಿಗೆ ಹಿರಿಯರನ್ನೇ ಕೇಳಬೇಕು. ನಾನು ನಡೆದು ಕಂಡುಕೊಂಡದ್ದು ಇದು.

ಹಾಳೆಗೂ ಇವತ್ತಿನ ನೆಲಕ್ಕೂ ಎಲ್ಲಕ್ಕಿಂತ ದೊಡ್ಡ ಅಂತರ ಕಾಣುವುದು ಕಲ್ಲಿನಲ್ಲಿ. ಎರೆಮಣ್ಣಿನ ಕೆಳಗೆ ಪದರು ಪದರಾಗಿ ಕೂತ ಸುಣ್ಣದಕಲ್ಲು ನಮ್ಮ ಸೀಮೆಯ ಐಶ್ವರ್ಯ. ನಮ್ಮ ಮನೆಗಳ ನೆಲ, ಗೋಡೆ, ಮಾಳಿಗೆ ಎಲ್ಲ ಆ ಫರಸಿ ಕಲ್ಲೇ. ಶಹಾಬಾದಿನ ಹೆಸರು ದೇಶದ ತುಂಬ ಹೋಗಿದ್ದೂ ಅದರಿಂದಲೇ. ಆಮೇಲೆ ಸಿಮೆಂಟ್ ಬಂತು. ಶಹಾಬಾದ್ ಮೊದಲು, ವಾಡಿ, ಸೇಡಂ, ಮಳಖೇಡ ಆನಂತರ. ಹಳೆ ಹಾಳೆಯಲ್ಲಿ ಒಂದೇ ಎತ್ತರದ ಮಡ್ಡಿ ಎಂದು ಬರೆದ ಎಷ್ಟೋ ಕಡೆ ಇವತ್ತು ಮನೆ ಮುಳುಗುವಷ್ಟು ಆಳದ ಗುಂಡಿಗಳಿವೆ, ಹಸಿರು ನೀರು ನಿಂತಿದೆ. ಆ ಗೆರೆಗಳನ್ನು ಹೊಸದಾಗಿ ಎಳೆಯಬೇಕಾಗಿದೆ. ಗಣಿ ಮುಗಿದ ಮೇಲೆ ನೆಲ ಮೊದಲು ಹೇಗಿತ್ತು ಎಂದು ಯಾರಾದರೂ ಕೇಳಿದರೆ, ಉತ್ತರ ಹೇಳಲು ಉಳಿದಿರುವ ಸಾಕ್ಷಿ ಈ ಹಾಳೆಯೇ.

ಹೊಳೆ ಮಾತ್ರ ಹಳೆಯ ಹಾಳೆಯನ್ನು ಮರೆತಿಲ್ಲ. 2020ರ ಅಕ್ಟೋಬರಿನಲ್ಲಿ ಕಾಗಿಣಾ ಉಕ್ಕಿ ದಂಡೋತಿಯ ಸೇತುವೆ ಮುಳುಗಿ ಸಂಚಾರ ನಿಂತಾಗ, ನೀರು ಎಲ್ಲಿಯ ತನಕ ಬಂತೆಂದು ನೋಡಿ ಬಂದು ನಕ್ಷೆಯ ಮೇಲೆ ಗುರುತು ಹಾಕಿದೆ. ಆಯಿಯ ಬಂಡಿದಾರಿ ಹೊಳೆಯಿಂದ ಎಷ್ಟು ದೂರ ಸರಿದು ನಡೆದಿತ್ತೋ ಅಲ್ಲಿಯ ತನಕ ನೀರು ಬಂದಿತ್ತು, ದಾಟಿರಲಿಲ್ಲ. ಬಂಡಿ ಹೊಡೆದವರಿಗೆ ಹೊಳೆಯ ಮರ್ಜಿ ಗೊತ್ತಿತ್ತು.

ಹಾಳೆಗಳು ಸಿಗುವುದು ಈಗ ಕಷ್ಟವಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಸರ್ವೆ ಆಫ್ ಇಂಡಿಯಾ ಸಾರ್ವಜನಿಕರಿಗೆಂದೇ ಬೇರೆ ಸಾಲಿನ ಹಾಳೆಗಳನ್ನು ಹೊರತಂದಿದೆ. ಅವುಗಳ ಸಂಖ್ಯೆ ನಮ್ಮ ಕಡೆ ‘ಇ43’ ಎಂದು ಶುರುವಾಗುತ್ತದೆ. ಹಳೆಯದು ಬೇಕೆಂದರೆ, 1950ರ ದಶಕದಲ್ಲಿ ಅಮೆರಿಕದ ಸೇನೆ ಮಾಡಿಸಿದ ಹಾಳೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಎಲ್ಲರಿಗೂ ಪುಕ್ಕಟೆ ಇಟ್ಟಿದೆ. ನಮ್ಮ ಸೀಮೆ ಅದರಲ್ಲಿ ‘ಎನ್‌ಇ 43-12’. ಫ್ಲೆಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ ಶಾಲೆಯ ಗೋಡೆಗೆ ತೂಗುಹಾಕಬಹುದು.

ಕಾಕಾನಿಗೆ ಈ ವರ್ಷ ಮೊಣಕಾಲು ಏಳುತ್ತಿಲ್ಲ. ಕಟ್ಟೆಯ ಮೇಲೆ ಕೂತೇ ಇನ್ನೂ ಆರು ಹೆಸರು ಹೇಳಿದ್ದಾರೆ. ನಿಮ್ಮ ಊರಲ್ಲೂ ಇಂಥವರಿದ್ದಾರೆ, ತಡ ಮಾಡಬೇಡಿ. ಚಿತ್ತಾಪುರ, ದಂಡೋತಿ, ಮಳಖೇಡದವರಿಗೆ ಹಾಳೆ 56 ಜಿ/4. ಸೇಡಂನವರಿಗೆ 56 ಜಿ/8, ಚಿಂಚೋಳಿಗೆ 56 ಜಿ/7, ವಾಡಿ, ಶಹಾಬಾದಿಗೆ 56 ಸಿ/16. ಪೆನ್ಸಿಲ್ ಒಯ್ಯಿರಿ, ಬಿಸಿಲೇರುವ ಮೊದಲು ಹೊರಡಿ.