ಬೆಂಕಿಯನ್ನು ‘ಹೊರಗೆ ಹಾಕುವುದು’ ಹೇಗೆ?

2019ರ ಫೆಬ್ರವರಿ ಕೊನೆಯ ವಾರದಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಗೋಪಾಲಸ್ವಾಮಿ ಬೆಟ್ಟದ ಸುತ್ತ ಬಂಡೀಪುರದ ಕಾಡು ಹೊತ್ತಿ ಉರಿದದ್ದು ನಿಮಗೆ ನೆನಪಿರಬಹುದು. 4,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳೇ ಬಂದು ನೀರು ಸುರಿಯಬೇಕಾಯಿತು. ಹೀಗೆ ಬೆಂಕಿ ಆರಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಪುಟ್ ಔಟ್’ ಎನ್ನುತ್ತಾರೆ.

‘ಪುಟ್’ ಎಂದರೆ ಹಾಕು, ‘ಔಟ್’ ಎಂದರೆ ಹೊರಗೆ ಎಂದು ಕಲಿತ ಚಾಮರಾಜನಗರದ ಹುಡುಗನೊಬ್ಬ ‘ಬೆಂಕಿಯನ್ನು ಹೊರಗೆ ಹಾಕಿದರು’ ಎಂದು ಬರೆದರೆ ಅವನನ್ನು ಬೈಯಲು ನನಗೆ ಮನಸ್ಸು ಬಾರದು. ಆದರೆ ‘ಹೊರಗೆ’ ಎಂಬುದು ಅರ್ಥಕ್ಕೆ ಹೊಂದದೆಂದು ಕೈಬಿಟ್ಟರೆ ಉಳಿಯುವುದು ‘ಬೆಂಕಿ ಹಾಕಿದರು’! ಕಾಡಂಚಿನ ಊರುಗಳಲ್ಲಿ ಇದು ತಮಾಷೆಯ ಮಾತಲ್ಲ, ಮೊಕದ್ದಮೆಯ ಮಾತು. ಕಾಡಿನ ರಸ್ತೆಯ ಎಚ್ಚರಿಕೆಯ ಫಲಕವನ್ನು ಕನ್ನಡಕ್ಕೆ ತರುವವರೂ ಇದನ್ನು ಗಮನಿಸಬೇಕು.

ಗುಟ್ಟು ಇರುವುದು ‘ಔಟ್’ನಲ್ಲಿ. ಬ್ಯಾಟ್ಸ್‌ಮನ್ ಔಟಾದ ಎಂದಾಗ ಅವನ ಆಟ ಮುಗಿಯಿತೆಂದು ನಾವೆಲ್ಲ ಬಲ್ಲೆವು. ಬೆಂಕಿಯೂ ಹಾಗೆಯೇ. ತಾನಾಗಿ ನಂದಿದರೆ ‘ಗೋ ಔಟ್’. ಯಾರಾದರೂ ನಂದಿಸಿದರೆ ‘ಪುಟ್ ಔಟ್’. ಇಂಗ್ಲಿಷು ಕ್ರಿಯಾಪದವನ್ನೇ ಬದಲಿಸಿ ಮಾಡುವ ಕೆಲಸವನ್ನು ಕನ್ನಡ ‘ಇಸು’ ಎಂಬ ಒಂದು ಪ್ರತ್ಯಯದಿಂದ ಮುಗಿಸುತ್ತದೆ: ಆರು, ಆರಿಸು, ನಂದು, ನಂದಿಸು. (ವಿಜ್ಞಾನ ಓದಿದವನ ಚಟ, ಒಂದು ಮಾತು ಸೇರಿಸುತ್ತೇನೆ: ಬಿದ್ದ ಒಣಮರದೊಳಗೆ ಕೆಂಡ ಉಳಿದಿದ್ದರೆ ಗಾಳಿ ಬೀಸಿದಾಗ ಮತ್ತೆ ಹೊತ್ತಿಕೊಳ್ಳುತ್ತದೆ. ಜ್ವಾಲೆ ಕಾಣದಿದ್ದರೂ ಅಂಥ ಬೆಂಕಿ ಇನ್ನೂ ‘ಔಟ್’ ಆಗಿಲ್ಲ.)

ಈಗ ಇನ್ನೊಂದು ತೊಡಕು. ಇಲಾಖೆಯೊಂದು ಪ್ರಕಟಣೆ ‘ಪುಟ್ ಔಟ್’ ಮಾಡಿತು ಎಂದರೆ ಪ್ರಕಟಣೆಯನ್ನು ಆರಿಸಿತು ಎಂದಲ್ಲ, ಹೊರಡಿಸಿತು ಎಂದು. ನಾವು ದೂರದರ್ಶನದವರು ಕಾರ್ಯಕ್ರಮವನ್ನು ‘ಪುಟ್ ಔಟ್’ ಮಾಡುವುದೂ ಈ ಅರ್ಥದಲ್ಲೇ. ಇಲ್ಲಿ ‘ಔಟ್’ ಎಂದರೆ ಮುಗಿಯುವುದಲ್ಲ, ಹೊರಗೆ ಬಂದು ನಾಲ್ಕು ಜನಕ್ಕೆ ತಿಳಿಯುವುದು. ಬೆಂಕಿಯನ್ನು ‘ಪುಟ್ ಔಟ್’ ಮಾಡಲಾಗಿದೆ ಎಂಬ ಸುದ್ದಿಯನ್ನು ‘ಪುಟ್ ಔಟ್’ ಮಾಡಿದರು ಎಂದು ಒಂದೇ ವಾಕ್ಯದಲ್ಲಿ ಹೇಳಿದರೂ ಇಂಗ್ಲಿಷಿನವನಿಗೆ ಗೊಂದಲವಿಲ್ಲ. ಮುಂದಿರುವುದು ಬೆಂಕಿಯೋ ಸುದ್ದಿಯೋ ಎಂದು ನೋಡಿಯೇ ಅವನು ಅರ್ಥ ಹಿಡಿಯುತ್ತಾನೆ. ನೀವೂ ಮೊದಲು ಕರ್ಮಪದವನ್ನು ಹುಡುಕಿ.

ಮಳೆ ಬಿದ್ದ ಮೇಲೆ ಸುಟ್ಟ ಕಾಡಿನ ಮರ ಹೊಸ ಎಲೆ ‘ಪುಟ್ ಔಟ್’ ಮಾಡುತ್ತದೆ. ನಮ್ಮಲ್ಲಿ ಅದು ಚಿಗುರು ‘ಬಿಡುತ್ತದೆ’. ಕೈಯನ್ನು ‘ಪುಟ್ ಔಟ್’ ಮಾಡಿದರೆ ಚಾಚಿದಂತೆ. ಮನುಷ್ಯರನ್ನು ‘ಪುಟ್ ಔಟ್’ ಮಾಡಿದರೆ? ಮನೆಯಿಂದ ಹೊರಹಾಕಿದರೆಂದು ಗಾಬರಿಪಡಬೇಡಿ. ಹೆಚ್ಚಾಗಿ ಅವರಿಗೆ ತೊಂದರೆ ಕೊಟ್ಟಂತೆ. ಹೇಳದೆ ಬಂದ ನೆಂಟರು ಸಂಕೋಚದಿಂದ ಆಡುವ ಮಾತಿದು.

ಇಂಗ್ಲಿಷಿನ ಈ ಅವತಾರಗಳಿಗೆ ನಗುವವರು ನಮ್ಮ ‘ಆರಿಸು’ವನ್ನೂ ಒಮ್ಮೆ ನೋಡಲಿ. ದೀಪ ಆರಿಸಿ ಎಂದರೆ ನಂದಿಸುವುದು, ಶಾಸಕರನ್ನು ಆರಿಸಿ ಎಂದರೆ ಗೆಲ್ಲಿಸಿ ಕಳಿಸುವುದು!