ಸಂಬಳ ಏರಿದಾಗ ಅಡುಗೆ ಕೋಣೆಯ ಸ್ವಚ್ಛತೆ ಏನಾಗುತ್ತದೆ?

ಮೊನ್ನೆ ಮದ್ರಸ ಬಿಟ್ಟು ಬರುವಾಗ ಚಹಾ ಕುಡಿಯಲೆಂದು ಪೇಟೆಯ ಒಂದು ಹೋಟೆಲಿಗೆ ಹೋದೆ. ಪರೋಟದ ಹಿಟ್ಟು ನಾದುತ್ತಿದ್ದ ಹುಡುಗನ ಬೆರಳಿಗೆ ಹಳೇ ಬಟ್ಟೆ ಸುತ್ತಿತ್ತು. "ಗಾಯ ಆಗಿದೆಯಲ್ಲ ಮೋನೇ, ಇವತ್ತು ರಜೆ ಮಾಡಬಾರದಿತ್ತಾ?" ಅಂತ ಕೇಳಿದೆ. "ರಜೆ ಮಾಡಿದ್ರೆ ಇವತ್ತಿನ ಸಂಬಳ ಇಲ್ಲ ಉಸ್ತಾದ್" ಅಂದ.

ಹೋಟೆಲ್ ಕೆಲಸದ ಸಂಬಂಧ ಇಲ್ಲದ ಮನೆಗಳು ನಮ್ಮಲ್ಲಿ ಕಡಿಮೆ. ಊರಲ್ಲೋ ಬೆಂಗಳೂರಲ್ಲೋ ಗಲ್ಫ್‌ನಲ್ಲೋ ಒಬ್ಬರು ಗಲ್ಲಾದಲ್ಲಿದ್ದರೆ ಇನ್ನೊಬ್ಬರು ಅಡುಗೆ ಕೋಣೆಯಲ್ಲಿ. ಸರಕಾರ ಕನಿಷ್ಠ ವೇತನ ಏರಿಸಿದಾಗ ಒಂದು ಮನೆಗೆ ಖುಷಿ, ಇನ್ನೊಂದು ಮನೆಗೆ ಲೆಕ್ಕದ ಚಿಂತೆ. ಉಣ್ಣುವವನ ತಟ್ಟೆಯ ಬಗ್ಗೆ ಮಾತ್ರ ಯಾರೂ ಯೋಚಿಸುವುದಿಲ್ಲ.

ಅಮೆರಿಕದ ಸಂಶೋಧಕರು ಇದನ್ನು ಪರಿಶೀಲಿಸಿದ್ದಾರೆ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ ಗಂಟೆಯ ಕನಿಷ್ಠ ವೇತನ 2010ರಲ್ಲಿ 8.55 ಡಾಲರ್ ಇದ್ದದ್ದು 2013ಕ್ಕೆ 9.19 ಆಯಿತು. ನ್ಯೂಯಾರ್ಕ್‌ನಲ್ಲಿ ಆಗ 7.25ರಲ್ಲೇ ನಿಂತಿತ್ತು. ಎರಡೂ ನಗರಗಳ ಹೋಟೆಲ್ ತಪಾಸಣೆಯ ದಾಖಲೆ ಹೋಲಿಸಿದಾಗ, ವೇತನ ಏರಿದ ಸಿಯಾಟಲ್‌ನಲ್ಲಿ ಸ್ವಚ್ಛತೆ, ನಿರ್ವಹಣೆಯ ಸಣ್ಣ ತಪ್ಪುಗಳು ಹೆಚ್ಚಿದ್ದವು. ಜನರಿಗೆ ಕಾಯಿಲೆ ತರಬಲ್ಲ ದೊಡ್ಡ ತಪ್ಪುಗಳು ಮಾತ್ರ ಗಮನಾರ್ಹವಾಗಿ ಹೆಚ್ಚಿರಲಿಲ್ಲ.

ಹಾಗಾದರೆ ಸಂಬಳ ಏರಿಸಿದ್ದೇ ತಪ್ಪಾ? ಅಲ್ಲ. ಖರ್ಚು ಹೆಚ್ಚಾದಾಗ ಎಲ್ಲಿ ಉಳಿಸುತ್ತೇವೆ ಎನ್ನುವುದೇ ಪ್ರಶ್ನೆ. ಅಡುಗೆಯವನನ್ನು ಬಿಡಿಸಿದರೆ ಗಿರಾಕಿಗೆ ಅದೇ ದಿನ ಗೊತ್ತಾಗುತ್ತದೆ. ನೆಲ ಒರೆಸುವವನನ್ನು, ಪಾತ್ರೆ ತೊಳೆಯುವವನನ್ನು ಬಿಡಿಸಿದರೆ ತಕ್ಷಣ ಗೊತ್ತಾಗುವುದಿಲ್ಲ. ಇಬ್ಬರ ಕೆಲಸ ಒಬ್ಬನ ತಲೆಗೆ ಬಿದ್ದಾಗ ಮೊದಲು ತಪ್ಪುವುದು ಕೈ ತೊಳೆಯುವುದು.

ಸಾಂಕ್ರಾಮಿಕ ರೋಗ ಇರುವವರು ಆಹಾರ ಮುಟ್ಟಬಾರದು, ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು ಅಂತ ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವೂ ಹೇಳುತ್ತದೆ. ಆದರೆ ರಜೆಗೆ ಸಂಬಳ ಕಡಿತ ಅಂತಾದರೆ ವಾಂತಿಭೇದಿ ಇದ್ದವನೂ ಅದನ್ನು ಮುಚ್ಚಿಟ್ಟು ಕೆಲಸಕ್ಕೆ ಬರುತ್ತಾನೆ. ಮನೆಗೆ ಹಣ ಕಳಿಸಬೇಕಲ್ಲ.

ಮಾಲಕರಲ್ಲಿ ಒಂದು ವಿನಂತಿ: ಸಂಬಳ ಏರಿದ ತಿಂಗಳು ಒರೆಸುವ ಕೈಯನ್ನು ಕಡಿಮೆ ಮಾಡಬೇಡಿ. ಕಾಯಿಲೆಯ ದಿನದ ಸಂಬಳ ಹಿಡಿಯಬೇಡಿ. ಪರೋಟಕ್ಕೆ ಎರಡು ರೂಪಾಯಿ ಹೆಚ್ಚಾದರೆ ಗೊಣಗುವ ನಾವೂ ಒಮ್ಮೆ ಯೋಚಿಸೋಣ. ಆ ಎರಡು ರೂಪಾಯಿಯಲ್ಲಿ ಆ ಹುಡುಗನ ಒಂದು ದಿನದ ರಜೆಯೂ ಇರಬಹುದು.