ಫ್ಯೂಜು ಪದೇ ಪದೇ ಸುಡುವದೇಕೆ?

ಮಳೆ ಕಡಿಮೆಯಾದ ಜತ್ತ ತಾಲೂಕಿನಲ್ಲಿ, ನಮ್ಮ ಬಿಳೂರಿನಂಥ ಊರುಗಳ ಒಕ್ಕಲಿಗನಿಗೆ ಭಾವಿಯ ನೀರೇ ಆಧಾರ. ಆ ನೀರನ್ನೆತ್ತಲು ವಿದ್ಯುಚ್ಛಕ್ತಿಯೇ ಆಧಾರ. ಪೈರು ಬಾಡುತ್ತಿರುವ ದಿನಗಳಲ್ಲಿಯೇ ಡಿ.ಪಿ.ಯ ಫ್ಯೂಜು ಹೋಗುವದು. ಹೊಸದನ್ನು ಕಟ್ಟಿದರೆ ಮರುದಿನ ಅದೂ ಹೋಗುವದು. ಆಗ ಜನರು ಫ್ಯೂಜನ್ನೇ ಬೈಯುವರು. ಆದರೆ ಜ್ವರದಂತೆ ಅದು ರೋಗದ ಲಕ್ಷಣ ಮಾತ್ರ. ಲಕ್ಷಣದಿಂದ ಮೂಲವನ್ನು ಹುಡುಕುವ ಬಗೆಯನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ಇಲ್ಲಿ ವಿವರಿಸುವೆವು.

ವಿದ್ಯುತ್ತನ್ನು ದೂರ ಒಯ್ಯುವಾಗ ಅದರ ಒತ್ತಡವನ್ನು, ಎಂದರೆ ವೋಲ್ಟೇಜನ್ನು, ಹೆಚ್ಚಿಸುತ್ತಾರೆ. ಒತ್ತಡ ಹೆಚ್ಚಿದಷ್ಟೂ ಅದೇ ಶಕ್ತಿಯನ್ನು ಸಾಗಿಸಲು ಬೇಕಾಗುವ ಪ್ರವಾಹ ಕಡಿಮೆಯಾಗುವದು. ತಂತಿ ಕಾಯ್ದು ನಷ್ಟವಾಗುವ ಶಕ್ತಿಯೂ ಕಡಿಮೆಯಾಗುವದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲು ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು ಈ ಉಪಾಯದಿಂದಲೇ. ಹೊಲಗಳ ಮೇಲೆ ಹಾಯ್ದು ಡಿ.ಪಿ.ಗೆ ಬರುವ ತಂತಿಗಳಲ್ಲಿ ಸಾಮಾನ್ಯವಾಗಿ 11,000 ವೋಲ್ಟಿನ ಒತ್ತಡವಿರುವದು. ಟ್ರಾನ್ಸ್‌ಫಾರ್ಮರು ಅದನ್ನು 433 ವೋಲ್ಟಿಗೆ ಇಳಿಸುವದು. 100 ಕೆ.ವಿ.ಎ. ಟ್ರಾನ್ಸ್‌ಫಾರ್ಮರು ಪೂರ್ಣ ಹೊರೆಯಲ್ಲಿ ಮೇಲಿನ ಪ್ರತಿ ತಂತಿಯಿಂದ ಸುಮಾರು 5¼ ಅಂಪಿಯರ್ ಪಡೆದು ಕೆಳಗಿನ ಪ್ರತಿ ತಂತಿಗೆ 133 ಅಂಪಿಯರ್ ಕೊಡುವದು. ವಿದ್ಯಾರ್ಥಿಗಳು ಭಾಗಿಸಿ ನೋಡಲಿ: ಒತ್ತಡ ಎಷ್ಟು ಪಟ್ಟು ಇಳಿಯಿತೋ ಪ್ರವಾಹ ಅಷ್ಟೇ ಪಟ್ಟು ಏರಿದೆ.

ಇನ್ನು ಫ್ಯೂಜು. ಪ್ರವಾಹ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುವದು. ಗೊತ್ತಾದ ಮಿತಿಯನ್ನು ಮೀರಿದೊಡನೆ ಕರಗಿ, ಬೆಲೆಬಾಳುವ ಟ್ರಾನ್ಸ್‌ಫಾರ್ಮರನ್ನು ಉಳಿಸುವ ತೆಳುವಾದ ಎಳೆಯೇ ಫ್ಯೂಜು. ಆದರೆ 11,000 ವೋಲ್ಟಿನಲ್ಲಿ ಎಳೆ ಕರಗಿದರಷ್ಟೇ ಸಾಲದು. ತುಂಡಾದ ತುದಿಗಳ ನಡುವೆ ಗಾಳಿಯಲ್ಲಿಯೇ ಬೆಂಕಿಯ ಚಾಪವೆದ್ದು ಪ್ರವಾಹ ಮುಂದುವರಿಯುವದು. ಅದಕ್ಕೆಂದೇ ಡಿ.ಓ. ಫ್ಯೂಜಿನ ಎಳೆಯನ್ನು ಒಂದು ನಳಿಗೆಯಲ್ಲಿಟ್ಟಿರುತ್ತಾರೆ. ಚಾಪದ ಕಾವಿಗೆ ನಳಿಗೆಯ ಒಳಮೈಯಿಂದ ಅನಿಲ ಹೊರಟು ಚಾಪವನ್ನು ಊದಿ ನಂದಿಸುವದು. ನಳಿಗೆ ಕಳಚಿ ಕೆಳಮುಖವಾಗಿ ಜೋತಾಡುವದು.

ಅದು ಮತ್ತೆ ಮತ್ತೆ ಕಳಚಿದರೆ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು.

ಮೊದಲನೆಯದು: ಹೋದುದು ಯಾವ ಫ್ಯೂಜು? ಮೇಲಿನದೋ ಕೆಳಗಿನದೋ, ಮೂರು ಫೇಜುಗಳಲ್ಲಿ ಯಾವದು? ಪ್ರತಿಸಲವೂ ಒಂದೇ ಫೇಜು ಹೋಗುತ್ತಿದ್ದರೆ, ಆ ಫೇಜಿನ ಮೇಲೆ ಹೊರೆ ಹೆಚ್ಚಾಗಿರಬಹುದು, ಇಲ್ಲವೆ ಅದರ ಜೋಡಣೆ ಸಡಿಲಾಗಿ ಕಾಯುತ್ತಿರಬಹುದು.

ಎರಡನೆಯದು: ಯಾವಾಗ ಹೋಯಿತು? ಹಾಕಿದೊಡನೆ ಸುಟ್ಟರೆ ಟ್ರಾನ್ಸ್‌ಫಾರ್ಮರಿನ ಸುರುಳಿಯಲ್ಲಿಯೋ ಸಿಡಿಲು ತಡೆಯುವ ಸಾಧನದಲ್ಲಿಯೋ ಕೇಬಲ್ಲಿನಲ್ಲಿಯೋ ದೋಷವಿರುವದು. ಮೆಗ್ಗರಿನಿಂದ ಪರೀಕ್ಷಿಸದೆ ಮತ್ತೊಂದು ಎಳೆ ಹಾಕುವದು ವ್ಯರ್ಥ. ತಾಸೆರಡು ತಾಸಿನ ಮೇಲೆ ಸುಟ್ಟರೆ ಹೊರೆ ಹೆಚ್ಚು. ಗಾಳಿ ಬೀಸಿದಾಗ ಹೋದರೆ ಜೋಲುಬಿದ್ದ ತಂತಿಗಳನ್ನೂ ಮರದ ಟೊಂಗೆಗಳನ್ನೂ ನೋಡಬೇಕು. ಬೇಸಿಗೆಯ ಧೂಳು ಕುಳಿತ ಪಿಂಗಾಣಿ ಇನ್ಸುಲೇಟರುಗಳು ಮೊದಲ ತುಂತುರಿಗೆ ನೆನೆದಾಗ ಅವುಗಳ ಮೈಮೇಲೆಯೇ ವಿದ್ಯುತ್ತು ಸೋರುವದುಂಟು. ಬಿರುಕುಬಿಟ್ಟವು ಇನ್ನೂ ಕೆಟ್ಟವು. ಕೆಲವೊಮ್ಮೆ ಕಂಬದ ಬುಡದಲ್ಲಿ ಸತ್ತುಬಿದ್ದ ಅಳಿಲು, ಕಾಗೆ ಇಲ್ಲವೆ ಹಾವೇ ಕಾರಣವನ್ನು ಹೇಳುವದು.

ಮೂರನೆಯದು: ಸುಟ್ಟ ಎಳೆ ಹೇಗಿದೆ? ನಡುವೆ ಮಾತ್ರ ಕರಗಿದ್ದರೆ ಹೊರೆ ಮೆಲ್ಲಗೆ ಏರಿದ್ದಿರಬಹುದು. ಪೂರ್ತಿ ಆವಿಯಾಗಿ ಲೋಹದ ಹನಿಗಳು ಸಿಡಿದಿದ್ದರೆ ಶಾರ್ಟ್ ಆಗಿರುವ ಸಂಭವ ಹೆಚ್ಚು. ಸ್ಕ್ರೂವಿನ ಬಳಿ ತುಂಡಾಗಿದ್ದರೆ ಬಿಗಿತ ಸರಿಯಿಲ್ಲ.

ನಾಲ್ಕನೆಯದು: ಹೊರೆ ಎಷ್ಟು? 5 ಅಶ್ವಶಕ್ತಿಯ ಪಂಪು ನಡೆಯುವಾಗ ಸುಮಾರು 7 ಅಂಪಿಯರ್ ತೆಗೆದುಕೊಳ್ಳುವದು. ನೇರವಾಗಿ ಹೊರಡುವಾಗ ಐದಾರು ಪಟ್ಟು. ಹದಿನೈದು ಪಂಪುಗಳು ನಡೆಯುತ್ತಿದ್ದರೆ 105 ಅಂಪಿಯರ್, 100 ಕೆ.ವಿ.ಎ. ಟ್ರಾನ್ಸ್‌ಫಾರ್ಮರು ಅದನ್ನು ಹೊರಬಲ್ಲದು. ಆದರೆ ಹೋದ ಕರೆಂಟು ಬಂದೊಡನೆ ಆಟೋ ಸ್ವಿಚ್ಚುಗಳಿಂದ ಹದಿನೈದೂ ಒಂದೇ ಕ್ಷಣಕ್ಕೆ ಹೊರಟರೆ 500 ಅಂಪಿಯರ್ ಮೀರುವದು! ಕಾರ್ಖಾನೆಗಳಲ್ಲಿ ದೊಡ್ಡ ಮೋಟಾರುಗಳನ್ನು ಒಂದಾದ ಮೇಲೊಂದು ಸುರು ಮಾಡುವದು ಇದಕ್ಕಾಗಿಯೇ. ಒಂದು ಡಿ.ಪಿ.ಯ ಒಕ್ಕಲಿಗರೂ ಕೂಡಿ ಮಾತಾಡಿ, ಒಂದೆರಡು ನಿಮಿಷಗಳ ಅಂತರದಲ್ಲಿ ಪಂಪು ಹಚ್ಚುವ ಸರದಿ ಗೊತ್ತುಮಾಡಿಕೊಂಡರೆ ಎಷ್ಟೋ ಫ್ಯೂಜುಗಳು ಉಳಿದಾವು.

ಹೀಗೆ ವಿಚಾರಿಸದೆ ದಪ್ಪ ತಂತಿ ಬಿಗಿಯುವದು ಕಾವಲುಗಾರನ ಕಣ್ಣು ಕಟ್ಟಿದಂತೆ. ಆಗ ಎಳೆಯ ಬದಲು ಟ್ರಾನ್ಸ್‌ಫಾರ್ಮರೇ ಸುಡುವದು. ನಾಲ್ಕಾಣೆಯ ಕೆಲಸ ವಾರಗಟ್ಟಲೆ ನೀರಿಲ್ಲದ ಸಂಕಟವಾಗುವದು.

ಪಾಲಕರು ಮುಖ್ಯವಾಗಿ ಗಮನಿಸಬೇಕಾದ ಮಾತು ಇದು. ಜೋತಾಡುವ ನಳಿಗೆಯನ್ನು ಕಂಡು ಆ ಫೇಜು ಸತ್ತಿದೆಯೆಂದು ತಿಳಿಯಬಾರದು. ಉಳಿದೆರಡು ಫೇಜುಗಳ ವಿದ್ಯುತ್ತು ಟ್ರಾನ್ಸ್‌ಫಾರ್ಮರಿನ ಸುರುಳಿಗಳೊಳಗಿಂದ ಹಾಯ್ದು ಅದರ ಕೆಳತುದಿಗೂ ಬಂದಿರಬಹುದು. 11,000 ವೋಲ್ಟಿಗೆ ಮುಟ್ಟುವದೇ ಬೇಕಿಲ್ಲ, ತೀರ ಹತ್ತಿರ ಹೋದರೂ ಸಿಡಿಯುವದು. ಹಸಿ ಬಿದಿರುಗಳುವಿನಿಂದ ನಳಿಗೆಯನ್ನು ಎತ್ತಿ ಕೂಡಿಸುವವನ ಕೈಗೆ ಆ ಗಳುವಿನಗುಂಟ ಮರಣ ಇಳಿದು ಬರಬಹುದು. ಯಾರದೋ ಜನರೇಟರನ್ನು ತಕ್ಕ ಸ್ವಿಚ್ಚಿಲ್ಲದೆ ಜೋಡಿಸಿದ್ದರೆ, ಅದರ ವಿದ್ಯುತ್ತು ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರನ್ನೇರಿ ಮೇಲಿನ ತಂತಿಗಳನ್ನು ಜೀವಂತಗೊಳಿಸಬಹುದು. ಆದುದರಿಂದಲೇ ತಿಳಿದ ವಾಯರಮನ್ ಉಪಕೇಂದ್ರದಿಂದ ಲೈನು ಬಂದ್ ಮಾಡಿಸಿ, ಸ್ವಿಚ್ಚು ತೆರೆದು, ತಂತಿಗಳನ್ನು ಭೂಮಿಗೆ ಜೋಡಿಸಿದ ಮೇಲೆಯೇ ಕಂಬ ಹತ್ತುವನು. ಅವನು ಬರುವವರೆಗೆ ಅವಸರಪಡಿಸದೆ ಕಾಯುವದು ನಮ್ಮ ಕರ್ತವ್ಯ. ದೂರು ಹೇಳಲು 1912 ಎಂಬ ದೂರವಾಣಿ ಸಂಖ್ಯೆಯಿದೆ.

ವಿದ್ಯಾರ್ಥಿಗಳು ಕಂಬದಿಂದ ದೂರ ನಿಂತೇ ಮಾಡಬಹುದಾದ ಸೇವೆಯೊಂದುಂಟು. ಒಂದು ವಹಿಯಲ್ಲಿ ಫ್ಯೂಜು ಹೋದ ದಿನ, ವೇಳೆ, ಜೋತಾಡಿದ ನಳಿಗೆ ಯಾವದು, ಗಾಳಿ ಮಳೆ ಹೇಗಿತ್ತು, ಎಷ್ಟು ಪಂಪು ನಡೆದಿದ್ದವು ಎಂಬುದನ್ನು ಬರೆದಿಡಲಿ. ಒಂದು ತಿಂಗಳ ಇಂಥ ಬರಹ ವಾಯರಮನ್ನನ ಕೈಸೇರಿದರೆ, ಕಾರಣವನ್ನು ಹುಡುಕುವ ಅವನ ಕೆಲಸ ಅರ್ಧ ಮುಗಿದಂತೆಯೇ.